ಬಾಲವಿರುವ ಕ್ರಿಯಾಪದಗಳು

ಕಾಶಿಯ ಗಲ್ಲಿಯಲ್ಲಿ ಗೂಳಿ ಪಂಡಿತರನ್ನು ಅಟ್ಟಿಸಿಕೊಂಡು ಹೋಯಿತು ಎನ್ನಿ. ಪಂಡಿತರನ್ನು ಗೂಳಿ ಅಟ್ಟಿಸಿಕೊಂಡು ಹೋಯಿತು ಎನ್ನಿ. ಕನ್ನಡದಲ್ಲಿ ಓಡುವವರು ಪಂಡಿತರೇ. ಸಂಸ್ಕೃತದಲ್ಲೂ ಅಷ್ಟೆ, ಯಾವ ಮೂಲೆಗೆ ಹೋದರೂ ದ್ವಿತೀಯಾ ವಿಭಕ್ತಿ ಅವರ ಬೆನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎರಡು ನಾಮಪದಗಳ ಜಾಗ ಅದಲುಬದಲಾಯಿತೋ, ಗೂಳಿ ಓಡುತ್ತದೆ, ಪಂಡಿತರು ಅಟ್ಟುತ್ತಾರೆ. ನಾಮಪದದ ವಿಭಕ್ತಿಗಳನ್ನು ಶತಮಾನಗಳ ಹಿಂದೆಯೇ ಬಹುಪಾಲು ಕಳೆದುಕೊಂಡ ಆ ಭಾಷೆಗೆ ಕರ್ತೃ ಯಾರು, ಕರ್ಮ ಯಾರು ಎನ್ನಲು ನಿಂತ ಜಾಗವೇ ಗತಿ.

ಕಾಶಿಗೆ ಈ ಪಾಠ ಹೊಸದಲ್ಲ. ಜೊನಾಥನ್ ಡಂಕನ್ 1791ರಲ್ಲಿ ತೆರೆದ ಸಂಸ್ಕೃತ ಕಾಲೇಜೇ ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ. ಅಲ್ಲಿಗೆ 1846ರಲ್ಲಿ ಮುಖ್ಯಸ್ಥರಾಗಿ ಬಂದ ಜೇಮ್ಸ್ ಬ್ಯಾಲಂಟೈನ್, ಪಂಡಿತರಿಗೆ ಇಂಗ್ಲಿಷ್ ಕಲಿಸುವ ಉತ್ಸಾಹದ ಜೊತೆಗೆ ತಾವೂ ಅವರ ವ್ಯಾಕರಣಕ್ಕೆ ಕೂತರು. 1849ರಲ್ಲಿ ಲಘುಕೌಮುದಿಯ ಇಂಗ್ಲಿಷ್ ಅನುವಾದ ಹೊರತಂದರು. ಅವರ ಉದ್ದೇಶಗಳೆಲ್ಲ ನನಗೆ ಒಪ್ಪಿಗೆ ಎಂದಲ್ಲ. ಆದರೆ ಶಿಷ್ಯನಿಗೆ ಆಗಲೇ ಗೊತ್ತಿರುವುದೇನು ಎಂದು ವಿಚಾರಿಸಿದ ಮೇಷ್ಟ್ರು ಅವರು. ಅಂಥವರು ಈಗಲೂ ಕಡಿಮೆ.

ಪದಕ್ರಮವನ್ನು ಹೇಗೋ ರೂಢಿ ಮಾಡಿಕೊಳ್ಳಬಹುದು. ಜೀವ ತಿನ್ನುವುದು ಫ್ರೇಸಲ್ ವರ್ಬ್ ಎಂಬ ಬಾಲವಿರುವ ಕ್ರಿಯಾಪದಗಳು. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಗಿವ್ ಅಪ್ ಎಂದರೆ ಕೈಬಿಡು! ಪುಟ್ ಆಫ್ ಎಂದರೆ ಮುಂದೂಡು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊ. ಇದೇನು ಅನ್ಯಾಯ ಎನ್ನುವ ನಾವು, ‘ಹೃ’ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪರಿಹಾರ ಹುಟ್ಟಿದ್ದನ್ನು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದ್ದೇವೆ. ‘ಹೇಳಿಬಿಡು’ ಎನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ ಎಂಬುದೂ ನಮಗೆ ಹೊಳೆದಿಲ್ಲ.

ಬಾಲ ಎಲ್ಲಿ ಕೂರಬೇಕು ಎಂಬುದು ಇನ್ನೊಂದು ಪೇಚು. ದೇವಸ್ಥಾನದ ಬಾಗಿಲಲ್ಲಿ ‘ಟೇಕ್ ಆಫ್ ಯುವರ್ ಶೂಸ್’ ಸರಿ, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ. ಶೂಸ್ ಬದಲು ಸರ್ವನಾಮ ಬಂತೋ, ‘ಟೇಕ್ ದೆಮ್ ಆಫ್’ ಒಂದೇ ದಾರಿ. ಇಂಗ್ಲಿಷ್ ವಾಕ್ಯದ ಕೊನೆ ಸಾಮಾನ್ಯವಾಗಿ ಹೊಸ ಸುದ್ದಿಗೆ ಮೀಸಲು. ಆಗಲೇ ಗೊತ್ತಿರುವ, ಒತ್ತಿಲ್ಲದ ‘ದೆಮ್’ ನಡುವೆ ನುಸುಳಿಕೊಳ್ಳುತ್ತದೆ. (ಲುಕ್ ಆಫ್ಟರ್ ಮಾತ್ರ ಯಾರನ್ನೂ ನಡುವೆ ಬಿಟ್ಟುಕೊಳ್ಳದು.)

ಇದನ್ನು ಕಂಡು ಕಾಶಿಯ ವಿದ್ಯಾರ್ಥಿ ಬೆಚ್ಚಬೇಕಾಗಿಲ್ಲ. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯ, ನಾಲ್ಕನೆಯ ಪಾದ ತೆಗೆಯಿರಿ. ಉಪಸರ್ಗ ಧಾತುವಿನ ಮುಂದೆ ಬರಬೇಕು ಎನ್ನುತ್ತದೆ 80ನೆಯ ಸೂತ್ರ. ಮರುಕ್ಷಣವೇ ಪಾಣಿನಿ ವೇದಕ್ಕೆ ರಿಯಾಯಿತಿ ಕೊಡುತ್ತಾನೆ: ಅಲ್ಲಿ ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದಗಳು ಬಂದು ದೂರವೂ ಉಳಿಯಬಹುದು. ಮುಂದೆ ಲೌಕಿಕ ಸಂಸ್ಕೃತ ಉಪಸರ್ಗವನ್ನು ಧಾತುವಿನ ಮುಂದೆಯೇ ಕಟ್ಟಿಹಾಕಿತು. ಇಂಗ್ಲಿಷ್ ಹೋದದ್ದು ಎದುರು ದಿಕ್ಕಿಗೆ. ಹಳೆಯ ಇಂಗ್ಲಿಷಿನಲ್ಲಿ ಉಪಸರ್ಗ ಹೆಚ್ಚಾಗಿ ಮುಂದೆಯೇ ಇತ್ತು, ಅಂಡರ್‌ಸ್ಟ್ಯಾಂಡ್, ಓವರ್‌ಕಮ್ ಆ ಕಾಲದ ಪಳೆಯುಳಿಕೆ. ಬರಬರುತ್ತ ಅದು ಹಿಂದಕ್ಕೆ ಸರಿದು ಬಾಲವಾಯಿತು.

ದಶಾಶ್ವಮೇಧ ಘಾಟಿನ ದೋಣಿಯವರಿಗೆ ಈ ಯಾವ ಗೋಜೂ ಇಲ್ಲ. ಗೆಟ್ ಇನ್, ಸಿಟ್ ಡೌನ್, ಹೋಲ್ಡ್ ಆನ್: ಬಾಲಗಳೇ ಅವರ ಮೊದಲ ಪಾಠ, ಏಕೆಂದರೆ ಬಾಲವನ್ನು ಕೈಯಲ್ಲೇ ತೋರಿಸಬಹುದು. ‘ವೇರ್ ಯು ಆರ್ ಗೋಯಿಂಗ್’ ಎಂದು ಪದಕ್ರಮದಲ್ಲಿ ಎಡವುತ್ತಾರೆ, ನಿಜ. ಪ್ರವಾಸಿಗೆ ಅರ್ಥವಾಗಿ ದೋಣಿ ಹತ್ತಿಯೂ ಆಗಿರುತ್ತದೆ. ಓದಿದ ನಾವೋ, ಪೋಸ್ಟ್‌ಪೋನ್, ಟಾಲರೇಟ್, ಡಿಸೆಂಡ್ ಎಂದು ಲ್ಯಾಟಿನ್ ಪದಗಳ ಮರೆಯಲ್ಲಿ ಅವಿತು, ಹರಟೆಯಲ್ಲೂ ಅರ್ಜಿ ಬರೆದಂತೆ ಮಾತಾಡುತ್ತೇವೆ.

ಜಂಗಮವಾಡಿ ಮಠದಲ್ಲಿ, ಹನುಮಾನ್ ಘಾಟಿನ ಸುತ್ತಮುತ್ತ ಸಂಸ್ಕೃತ ಓದುತ್ತಿರುವ ನಮ್ಮ ಕಡೆಯ ಹುಡುಗರೇ, ಫ್ರೇಸಲ್ ವರ್ಬ್‌ಗಳ ಪಟ್ಟಿ ಇರುವ ಆ ಗೈಡನ್ನು ಮುಚ್ಚಿಡಿ. ಒಂದೊಂದು ಕ್ರಿಯಾಪದವನ್ನೂ ಕರ್ಮದ ಸಮೇತ, ಇಡೀ ವಾಕ್ಯವಾಗಿ ಬಾಯಿಪಾಠ ಮಾಡಿ; ಸೂತ್ರಕ್ಕೆ ಪಳಗಿದ ನಾಲಗೆಗೆ ಇದು ಭಾರವಲ್ಲ. ಸಂಜೆ ಘಾಟಿಗಿಳಿದು ದೋಣಿಯವರ ಮಾತಿಗೆ ಕಿವಿಗೊಡಿ. ಪ್ರಶ್ನೆ ಕೇಳುವುದನ್ನು ಮಾತ್ರ ಅವರಿಂದ ಕಲಿಯಬೇಡಿ.