ಮೂರನೆಯ ಪಾಲು

ಬಕ್ರೀದಿಗೆ ದೊಡ್ಡ ವೈರಿ ಫ್ರಿಜ್ಜು ಎಂದು ನನ್ನ ಅನುಮಾನ. ದಢೇಸುಗೂರಿನಂಥ ತುಂಗಭದ್ರೆಯ ದಂಡೆಯ ಊರುಗಳಿಗೆ ಅದು ಬರುವ ಮೊದಲು ಕುರ್ಬಾನಿಯ ಖಂಡ ಯಾರ ಮನೆಯಲ್ಲೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಸಿಂಧನೂರು ಸೀಮೆಯ ಸೆಕೆಗೆ ಹೊತ್ತು ಇಳಿಯುವಷ್ಟರಲ್ಲಿ ಅದು ವಾಸನೆ ಹಿಡಿಯುತ್ತದೆ. ಉಪ್ಪು, ಅರಿಶಿನ ಸವರಿ ಹಗ್ಗಕ್ಕೆ ಹಾಕಿ ಒಣಗಿಸಬಹುದು, ಆದರೆ ಒಂದು ಕುರಿಯಲ್ಲಿ ಎಷ್ಟನ್ನು ಒಣಗಿಸೀರಿ? ಹೀಗಾಗಿ ಎಂಥ ಜಿಪುಣನೂ ಸಂಜೆಯೊಳಗೆ ದಾನಿಯಾಗಲೇಬೇಕಿತ್ತು.

ಮೂರು ಪಾಲಿನ ಲೆಕ್ಕ ಎಲ್ಲರಿಗೂ ಗೊತ್ತು: ಒಂದು ಮನೆಗೆ, ಒಂದು ನೆಂಟರಿಗೆ, ಗೆಳೆಯರಿಗೆ, ಒಂದು ಇಲ್ಲದವರಿಗೆ. ತಕ್ಕಡಿ ಹಿಡಿದು ಕೊಡಬೇಕೆಂಬ ಕಟ್ಟಳೆಯಲ್ಲ, ಒಳ್ಳೆಯ ರೂಢಿ. ಕೂಡಿಡುವ ಆಸೆಯೂ ಹೊಸದಲ್ಲ. ಒಂದು ವರ್ಷ ಮದೀನಕ್ಕೆ ಹಸಿದವರು ಗುಂಪಾಗಿ ಬಂದಾಗ, ಮೂರು ದಿನಕ್ಕಿಂತ ಹೆಚ್ಚು ಖಂಡ ಇಟ್ಟುಕೊಳ್ಳಬೇಡಿ ಎಂದು ಪ್ರವಾದಿಯವರು ಹೇಳಿದ್ದರು. ಮುಂದಿನ ವರ್ಷ ಆ ತಡೆ ತೆಗೆದರು. ತಡೆ ತೆಗೆದದ್ದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ, ಯಾಕೆ ಹಾಕಿದ್ದರೆಂಬುದನ್ನು ಅಷ್ಟಾಗಿ ಇಲ್ಲ.

ನಮ್ಮ ಮನೆಯಲ್ಲಿ ಪಾಲು ಹಾಕುವುದು ಅಮ್ಮನ ಕೆಲಸ. ಈದ್ಗಾದಿಂದ ಗಂಡಸರು ಬಂದು, ಕಸಾಯಿ ಬಂದು, ಕುರಿಯಾದ ಮೇಲೆ ಪಡಸಾಲೆಯಲ್ಲಿ ಚಾಪೆ, ಅದರ ಮೇಲೆ ದೊಡ್ಡ ಪರಾತ. ಒಮ್ಮೆ ಅಣ್ಣ ತೊಡೆಯನ್ನು ನಮ್ಮ ಗುಂಪಿಗೆ, ಎಲುಬನ್ನು ಮೂರನೆಯದಕ್ಕೆ ಸರಿಸುತ್ತಿದ್ದ. "ಮೆತ್ತಂದು ನಿನಗ, ಎಲುಬು ಅವರಿಗೇನಲೇ? ಇದ್ಯಾವ ಕುರ್ಬಾನಿ?" ಎಂದು ಅಮ್ಮ ಎಲ್ಲವನ್ನೂ ಕಲಸಿ ಮತ್ತೆ ಪಾಲು ಹಾಕಿದಳು. ಈಲಿ ಕೂಡ ಮೂರು ಭಾಗವಾಯಿತು.

ನಮ್ಮ ಓಣಿಯ ಒಬ್ಬ ಮುದುಕಿ ಅಮ್ಮನಿಗೆ ಇನ್ನೊಂದು ಪಾಠ ಹೇಳಿದ್ದಳು. "ಖಂಡ ಏನೋ ಕೊಟ್ಟಿ ಯಕ್ಕಾ, ಎಣ್ಣಿ ಯಾರು ಕೊಡಬೇಕು?" ಅಂದಿನಿಂದ ಖಂಡದ ಚೀಲದ ಜೊತೆ ಒಂದಿಷ್ಟು ಎಣ್ಣೆ, ಖಾರ, ಉಳ್ಳಾಗಡ್ಡಿಯೂ ಹೋಗುತ್ತವೆ. ಆ ಮುದುಕಿ ಮುಸ್ಲಿಮಳಲ್ಲ. ಪಾಲು ಕೊಡುವಾಗ ನಮ್ಮ ಕಡೆ ಯಾರೂ ಜಾತಿ ಕೇಳುವುದಿಲ್ಲ, ತಿನ್ನುತ್ತಾರೋ ಇಲ್ಲವೋ ಎಂದಷ್ಟೇ ಕೇಳುತ್ತಾರೆ.

ಚಾಂದ್ರಮಾನದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2018ರಲ್ಲಿ ಆಗಸ್ಟ್ 22ಕ್ಕೆ ಬಂದಿತ್ತು, ನಾಟಿಯ ಕಾಲ, ಕೂಲಿ ಇರುವ ಕಾಲ. 2024ರಲ್ಲಿ ಜೂನ್ 17. ತುಂಗಭದ್ರೆಯ ಎಡದಂಡೆ ಕಾಲುವೆಗೆ ಇನ್ನೂ ನೀರಿಲ್ಲ, ಗದ್ದೆ ಒಣಗಿ ಬಿರಿದಿರುತ್ತದೆ, ದುಡಿಯುವವರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಊರಲ್ಲಿ ಉಳಿದವರು ಮುದುಕರು, ಮಕ್ಕಳು. ಇನ್ನು ಕೆಲವು ವರ್ಷ ಹಬ್ಬ ಬೇಸಿಗೆಯ ಒಳಗೇ ಸರಿಯುತ್ತ ಹೋಗುವುದರಿಂದ ಮೂರನೆಯ ಪಾಲಿಗೆ ಬೆಲೆ ಹೆಚ್ಚು.

ಕಸಾಯಿಗೆ ಕೂಲಿಯ ಬದಲು ಖಂಡವನ್ನಾಗಲಿ ಚರ್ಮವನ್ನಾಗಲಿ ಕೊಡುವಂತಿಲ್ಲ. ಕೂಲಿ ಬೇರೆ, ದಾನ ಬೇರೆ. ಈ ಕಟ್ಟುನಿಟ್ಟು ನನಗೆ ಇಷ್ಟ. ಬಾಗಿಲಲ್ಲಿ ಬಡವರನ್ನು ಸಾಲಾಗಿ ನಿಲ್ಲಿಸಿ, ಫೋಟೊ ತೆಗೆದು ಚೀಲ ಹಂಚುವ ಹೊಸ ರಿವಾಜು ಮಾತ್ರ ನನಗೆ ಸರಿಬೀಳದು. ಅಮ್ಮ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹುಡುಗರ ಕೈಯಲ್ಲಿ ಹಿತ್ತಲ ಬಾಗಿಲಿಗೇ ಕಳಿಸುತ್ತಾಳೆ.

ಈ ಸಲ ಪಾಲು ಹಾಕುವವರು ಮೂರನೆಯದನ್ನೇ ಮೊದಲು ತೆಗೆದಿಡಿ. ನಿಮ್ಮ ಒಲೆ ಹತ್ತುವ ಮೊದಲು ಅದು ಮನೆ ಬಿಟ್ಟಿರಲಿ, ಎಣ್ಣೆ ಸಮೇತ.