ಅವ್ವನಿಗೆ ಒಪ್ಪುವ ಸೀರೆ

ಗಜೇಂದ್ರಗಡದ ಮಗ್ಗದಲ್ಲಿ ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಒಡಲು ಯಾವ ಬಣ್ಣವಿದ್ದರೂ ಸೆರಗು ಕೆಂಪು, ಅದರೊಳಗೆ ಬಿಳಿ ತೋಪುತೆನಿ.

ಕುಳ್ಳಗಿರುವ ನನಗೆ ಸಣ್ಣ ದಡಿಯೇ ಚೆಂದ. ಅಗಲ ದಡಿ ಉಟ್ಟರೆ ಸೀರೆಯೇ ನಡೆದು ಹೋದಂತೆ ಕಾಣುತ್ತೆ! ಕುಬಸಕ್ಕೆ ಹಸಿರು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ನರಗುಂದದ ಎರಿ ಹೊಲಕ್ಕೆ ಹೋಗುವಾಗ ಹತ್ತಿಯದೇ ಸರಿ.

ಅಪ್ಪ ತೀರಿದ ಮೇಲೆ ಅವ್ವ ಕೆಂಪು ಬಿಟ್ಟಿದ್ದಳು. ತಂಗಿಯ ಮದುವೆ ಜವಳಿಗೆಂದು ರೋಣಕ್ಕೆ ಹೋದಾಗ ಅಂಗಡಿಯವರು ಆಕೆಗೆ ಬೂದು ಬಣ್ಣದ್ದನ್ನೇ ತೆಗೆದಿಟ್ಟರು. ಅವ್ವನ ಮೈಬಣ್ಣಕ್ಕೆ ಒಪ್ಪೋದು ದಾಳಿಂಬೆ ಕೆಂಪು.

"ಮಂದಿ ಏನಂದಾರು?" ಅಂದಳು.

"ಮದುವಿ ನಿನ್ನ ಮಗಳದು, ಮಂದೀದಲ್ಲ" ಅಂದೆ.

ಕೊಂಡೆವು. ಅಕ್ಕಿಕಾಳಿನ ಹೊತ್ತಿಗೆ ಅದನ್ನುಟ್ಟು ಹಿಂದೆ ಕಂಬದ ಮರೆಗೆ ನಿಂತಿದ್ದಳು. ಚಿಗವ್ವ ಕೈಹಿಡಿದು ಮುಂದೆ ಕರೆತಂದಳು.