ತಿರುಗಿ ಬರುವ ದಾರಿ: ಗುಲ್ಮಾರ್ಗದ ಹಿಮದಲ್ಲಿ

ಬಯಲುಸೀಮೆಯಲ್ಲಿ ಹುಟ್ಟಿ, ಮಠದ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ ಬೆಳೆದ ನನಗೆ ಹಿಮವೆಂಬುದು ಅರುವತ್ತು ವರ್ಷ ದಾಟುವವರೆಗೂ ಪುಸ್ತಕದ ಮಾತೇ ಆಗಿತ್ತು. ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಬರುವ ಹಿಮಾಲಯದ ವರ್ಣನೆಯನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಪಾಠ ಹೇಳಿದ್ದೆ. ಆದರೆ ಆ ಹಿಮವನ್ನು ಕೈಯಿಂದ ಮುಟ್ಟಿದ್ದು ೨೦೨೪ರ ಫೆಬ್ರುವರಿಯಲ್ಲಿ, ಕಾಶ್ಮೀರದ ಗುಲ್ಮಾರ್ಗದಲ್ಲಿ.

ಅದಕ್ಕೆ ಕಾರಣಳಾದವಳು ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಈ ಹುಡುಗಿ ಹಿಂದಿನ ಚಳಿಗಾಲದಲ್ಲಿ ಅಲ್ಲಿಯೇ ಎರಡು ವಾರ ಇದ್ದು ಸ್ಕೀಯಿಂಗ್ ಕಲಿತು ಬಂದಿದ್ದಳು. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ವಿದ್ಯೆಯಲ್ಲಿ ಎರಡು ಬಗೆಗಳಿವೆ. ಯಂತ್ರದಿಂದ ಹದಗೊಳಿಸಿದ, ಕಾವಲಿರುವ ಇಳಿಜಾರಿನಲ್ಲಿ ಜಾರುವುದು ಒಂದು. ಯಾರೂ ಹದಮಾಡದ, ಗುರುತುಹಲಗೆಗಳಿಲ್ಲದ ಬೆಟ್ಟವನ್ನು ಸ್ವಂತ ಕಾಲಿನಿಂದ ಹತ್ತಿ ಇಳಿಯುವುದು ಇನ್ನೊಂದು. ಇದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಮೊದಲನೆಯದರಲ್ಲಿ ತಕ್ಕಮಟ್ಟಿಗೆ ಪಳಗಿದ್ದ ಅವಳು ಈ ಸಲ ಎರಡನೆಯದನ್ನು ಪ್ರಯತ್ನಿಸಬೇಕೆಂದು ಹಟ ಹಿಡಿದಳು. ಅವಳ ತಂದೆಗೆ ಸುತರಾಂ ಒಪ್ಪಿಗೆಯಿರಲಿಲ್ಲ. “ನೀವು ಜೊತೆಗೆ ಹೋಗುವುದಾದರೆ ಕಳಿಸುತ್ತೇನೆ, ಅಣ್ಣಾ” ಎಂದ. ಹಿಮವನ್ನೇ ಕಾಣದ ನಾನು ಅಲ್ಲಿ ಏನು ಕಾಯಬಲ್ಲೆ? ಆದರೂ ಮಾತು ಕೊಟ್ಟೆ.

ಗುಲ್ಮಾರ್ಗ ಶ್ರೀನಗರದಿಂದ ಸುಮಾರು ೫೦ ಕಿಲೋಮೀಟರ್ ದೂರದಲ್ಲಿ, ಪೀರ್ ಪಂಜಾಲ್ ಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರ್ ಎತ್ತರದಲ್ಲಿದೆ. ಮೊದಲು ಗೌರಿಮಾರ್ಗವೆಂದಿದ್ದ ಹೆಸರು ೧೬ನೆಯ ಶತಮಾನದಲ್ಲಿ, ಯೂಸುಫ್ ಶಾ ಚಕ್‌ನ ಕಾಲದಲ್ಲಿ, ಗುಲ್ಮಾರ್ಗವಾಯಿತೆಂದು ಪ್ರತೀತಿ. ಇಲ್ಲಿಂದ ಕೊಂಗ್‌ಡೂರಿಗೆ ೧೯೯೮ರಲ್ಲಿಯೂ, ಅಲ್ಲಿಂದ ಅಫರ್ವತ್ ಪರ್ವತದ ಹೆಗಲಿಗೆ ೨೦೦೫ರಲ್ಲಿಯೂ ತೂಗುತೊಟ್ಟಿಲ ದಾರಿ ಪ್ರಾರಂಭವಾಯಿತು. ಮೇಲಿನ ನಿಲ್ದಾಣ ಹತ್ತಿರ ಹತ್ತಿರ ೩,೯೫೦ ಮೀಟರ್ ಎತ್ತರದಲ್ಲಿದೆ. ಗಂಡೋಲವೆಂದು ಕರೆಯುವ ಆ ತೊಟ್ಟಿಲಲ್ಲಿ ಕುಳಿತು ಕೆಳಗೆ ನೋಡಿದರೆ ಹಿಮ ಹೊತ್ತ ದೇವದಾರುಗಳು ಕಾಲಡಿಯಲ್ಲಿ ಸರಿಯುತ್ತವೆ.

ಆ ವರ್ಷ ಜನವರಿಯಲ್ಲಿ ಗುಲ್ಮಾರ್ಗದಲ್ಲಿ ಹಿಮವೇ ಇರಲಿಲ್ಲವೆನ್ನಬೇಕು. ಬೋಳು ಹುಲ್ಲುಗಾವಲಿನ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಮ್ಮ ಹುಡುಗಿ ಅತ್ತಷ್ಟು ಮಾಡಿದ್ದಳು. ತಿಂಗಳ ಕೊನೆಗೆ ಹಿಮ ಬೀಳತೊಡಗಿ, ನಾವು ತಲುಪುವ ಹೊತ್ತಿಗೆ ಎಲ್ಲವೂ ಬೆಳ್ಳಗಾಗಿ, ಬಾನು ತಿಳಿಯಾಗಿತ್ತು. ನನ್ನ ಕಣ್ಣಿಗೆ ಅದು ಬರಿಯ ಸೊಬಗು. ಅದರೊಳಗೆ ಒಂದು ಕೇಡು ಅಡಗಿತ್ತೆಂಬುದು ತಿಳಿದದ್ದು ಮರುದಿನ.

ಟಂಗ್‌ಮಾರ್ಗ್ ಕಡೆಯ, ನಡುವಯಸ್ಸು ಮೀರಿದ ಮಾರ್ಗದರ್ಶಿಯೊಬ್ಬರು ನಮಗೆ ದೊರೆತರು. ಮಿತಭಾಷಿ. ಮೊದಲ ದಿನವಿಡೀ ಅವರು ಅವಳಿಗೆ ಜಾರುವುದನ್ನು ಕಲಿಸಲಿಲ್ಲ, ಹುಡುಕುವುದನ್ನು ಕಲಿಸಿದರು. ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರ ಬಳಿಯೂ ಮೂರು ವಸ್ತುಗಳಿರಲೇಬೇಕಂತೆ: ಎದೆಗೆ ಕಟ್ಟಿಕೊಳ್ಳುವ, ೪೫೭ ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಪುಟ್ಟ ರೇಡಿಯೋ ಯಂತ್ರ, ಮಡಚಿಡಬಹುದಾದ ಉದ್ದನೆಯ ಶೋಧಕೋಲು, ಸಲಿಕೆ. ಹಿಮ ಕುಸಿದು ಒಬ್ಬರು ಹೂತುಹೋದರೆ ಉಳಿದವರು ತಮ್ಮ ಯಂತ್ರದ ಸದ್ದನ್ನನುಸರಿಸಿ ಹತ್ತಿರ ಹೋಗಿ, ಕೋಲಿನಿಂದ ಚುಚ್ಚಿ ನೋಡಿ, ಅಗೆದು ತೆಗೆಯಬೇಕು. ಮೊದಲ ೧೦-೧೫ ನಿಮಿಷಗಳೊಳಗೆ ಹೊರತೆಗೆದವರಲ್ಲಿ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಆಸೆ ತೀರ ಕ್ಷೀಣ. ಕೆಳಗಿನಿಂದ ಸಹಾಯ ಬರುವಷ್ಟು ಹೊತ್ತು ಇಲ್ಲ. ಆದಕಾರಣ ಜೊತೆಗಾರನೇ ಪ್ರಾಣರಕ್ಷಕ. ಮಾರ್ಗದರ್ಶಿಗಳು ಯಂತ್ರವನ್ನು ಹಿಮದಲ್ಲಿ ಹೂಳುವುದು, ಅವಳು ಹುಡುಕುವುದು, ಹೀಗೆ ಆರು ಸಲ ನಡೆಯಿತು. ಮೊದಲ ಸಲ ಇಪ್ಪತ್ತು ನಿಮಿಷ ಹಿಡಿಯಿತು. ಅವರು ಗಡಿಯಾರ ತೋರಿಸಿದರು, ಏನೂ ಹೇಳಲಿಲ್ಲ. ಆರನೆಯ ಸಲಕ್ಕೆ ಅದು ನಾಲ್ಕು ನಿಮಿಷಕ್ಕಿಳಿಯಿತು.

ಮರುದಿನ ಬೆಳಿಗ್ಗೆ ಮೂವರೂ ಗಂಡೋಲದಲ್ಲಿ ಕೊಂಗ್‌ಡೂರಿಗೆ ಹೋದೆವು. ಅವಳು ಸ್ಕೀ ಪಟ್ಟಿಗಳ ತಳಕ್ಕೆ ‘ಚರ್ಮ’ ಅಂಟಿಸಿದಳು. ಹಿಂದೆ ಸೀಲ್ ಪ್ರಾಣಿಯ ತೊಗಲನ್ನು ಬಳಸುತ್ತಿದ್ದರಂತೆ. ಈಗ ನೈಲಾನ್ ಅಥವಾ ಮೊಹೇರ್ ಉಣ್ಣೆಯದು. ಕೂದಲು ಹಿಂದಕ್ಕೆ ಬಾಗಿರುವುದರಿಂದ ಪಟ್ಟಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹತ್ತುವಾಗ ಹಿಮ್ಮಡಿ ಬಿಡುವಾಗಿ ಏಳುತ್ತದೆ. ಇಳಿಯುವಾಗ ಚರ್ಮ ಕಿತ್ತು ಹಿಮ್ಮಡಿಯನ್ನು ಬಿಗಿಯಬೇಕು. ಹೊರಡುವ ಮೊದಲು ಇಬ್ಬರೂ ಯಂತ್ರಗಳನ್ನು ಪರೀಕ್ಷಿಸಿಕೊಂಡರು. “ಸಂಜೆಯೊಳಗೆ ಬರ್ತೀವಿ, ದೊಡ್ಡಪ್ಪಾ” ಎಂದು ನಕ್ಕು ಹೊರಟಳು.

ನಾನು ಚಹದಂಗಡಿಯ ಬೆಂಚಿನ ಮೇಲೆ ದುರ್ಬೀನು ಹಿಡಿದು ಕುಳಿತೆ. ಅಂಗಡಿಯಾತ ಕಾಂಗ್ಡಿಯನ್ನು, ಎಂದರೆ ಬೆತ್ತದ ಬುಟ್ಟಿಯಲ್ಲಿಟ್ಟ ಕೆಂಡದ ಮಡಕೆಯನ್ನು, ನನ್ನ ಕಡೆ ಸರಿಸಿದ. ಬಿಳಿಯ ಬೆಟ್ಟದ ಮೇಲೆ ಎರಡು ಕಪ್ಪು ಚುಕ್ಕೆಗಳು ಅಡ್ಡಡ್ಡಲಾಗಿ ತಿರುವು ಹಾಕುತ್ತ ಏರಿದವು. ಎರಡು ಗಂಟೆ ಕಳೆಯಿತು. ಒಂದು ಕಡಿದಾದ ತಗ್ಗಿನ ಅಂಚಿನಲ್ಲಿ ಚುಕ್ಕೆಗಳು ನಿಂತವು. ಬಹಳ ಹೊತ್ತು ನಿಂತವು. ಅವಳಿಗೇನಾಯಿತೋ ಎಂದು ನನ್ನ ಕೈ ನಡುಗಿತು. ತಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ಆಮೇಲೆ ಅವು ತಗ್ಗಿಗಿಳಿಯದೆ, ಬಂದ ದಿಣ್ಣೆಯನ್ನೇ ಹಿಡಿದು ನಿಧಾನವಾಗಿ ಹಿಂದಿರುಗಿದವು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅವಳು ಬಂದಾಗ ಮುಖ ಬಾಡಿತ್ತು. “ಯಾಕವ್ವಾ, ಏನಾತು?” ಎಂದೆ. “ಏನೂ ಆಗಲಿಲ್ಲ ದೊಡ್ಡಪ್ಪಾ. ಅರ್ಧಕ್ಕೇ ತಿರುಗಿ ಬಂದಿವಿ. ಇಳಿಯೋವಾಗ ಮೂರು ಸಲ ಬಿದ್ದೆ” ಎಂದವಳೇ ಸುಮ್ಮನಾದಳು. ಹದಮಾಡಿದ ಇಳಿಜಾರಿನಲ್ಲಿ ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗಿದರಾಯಿತು; ಮೆತ್ತನೆಯ ಹೊಸ ಹಿಮದಲ್ಲಿ ಹಾಗೆ ಮಾಡಿದರೆ ಆ ಕಾಲು ಹೂತುಹೋಗುತ್ತದೆ. ಒಮ್ಮೆ ಕಳಚಿದ ಪಟ್ಟಿಯನ್ನು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತಂತೆ.

ಮೇಲೆ ನಡೆದದ್ದನ್ನು ಅವಳು ರಾತ್ರಿ ಹೇಳಿದಳು. ತಗ್ಗಿನ ಅಂಚಿನ ಹತ್ತಿರ ಮಾರ್ಗದರ್ಶಿಗಳು ಹಿಮದಲ್ಲಿ ಗುಂಡಿ ತೋಡಿ, ಅದರ ಗೋಡೆಯಲ್ಲಿ ಒಂದು ಕಂಬವನ್ನು ಕೊರೆದರು. ಅದರ ತಲೆಯ ಮೇಲೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಪೆಟ್ಟು ಕೊಡುವುದು ಪರೀಕ್ಷೆಯ ಕ್ರಮ. ಮೊಣಕೈಯ ಎರಡನೆಯ ಪೆಟ್ಟಿಗೇ ಮೇಲಿನ ಹಿಮ ಹಲಗೆಯಂತೆ ಕಳಚಿ ಜಾರಿತು. ಕೆಳಗೆ ಸಕ್ಕರೆಯಂಥ ಸಡಿಲ ಹರಳುಗಳು. ತೆಳುವಾದ ಹಿಮ ಕೊರೆಯುವ ಚಳಿಯಲ್ಲಿ ಬಹಳ ದಿನ ಬಿದ್ದಿದ್ದರೆ, ನೆಲದ ಕಾವಿಗೆ ಏಳುವ ಆವಿಯಿಂದ ಅದರ ಕಣಗಳು ಹೀಗೆ ದಪ್ಪನಾಗಿ, ಒಂದಕ್ಕೊಂದು ಅಂಟದೆ ಉಳಿಯುತ್ತವೆ. ಅದರ ಮೇಲೆ ಹೊಸ ಹಿಮ ಕುಳಿತರೆ ಜೋಳದ ರಾಶಿಯ ಮೇಲೆ ಹಲಗೆಯಿಟ್ಟು ನಿಂತಂತೆ. ೩೦ರಿಂದ ೪೫ ಡಿಗ್ರಿ ಇಳಿಜಾರು ಇಂಥ ಕುಸಿತಕ್ಕೆ ಹೇಳಿ ಮಾಡಿಸಿದ್ದು. ಜಾರುವುದಕ್ಕೆ ಆನಂದವಾಗುವುದೂ ಅದೇ ಇಳಿಜಾರು! ಕುಸಿತಕ್ಕೆ ಸಿಲುಕುವವರಲ್ಲಿ ಹೆಚ್ಚಿನವರು ತಮ್ಮ ಅಥವಾ ಜೊತೆಗಾರರ ಭಾರದಿಂದಲೇ ಅದನ್ನು ಎಬ್ಬಿಸುತ್ತಾರಂತೆ. “ಆಜ್ ನಹೀಂ, ಬೇಟಿ” ಎಂದಷ್ಟೇ ಹೇಳಿ ಅವರು ಗುಂಡಿಯನ್ನು ಮುಚ್ಚಿದರು.

“ಅಲ್ಲಿ ಆಗಲೇ ಯಾರೋ ಜಾರಿ ಹೋದ ಗೆರೆ ಇತ್ತು, ದೊಡ್ಡಪ್ಪಾ. ಅವರಿಗೇನೂ ಆಗಿರಲಿಲ್ಲ” ಎಂದಳು. ಅವಳ ನೋವು ಅಲ್ಲಿತ್ತು. ಪಾರಾದವನ ಗೆರೆಯನ್ನು ಪ್ರಮಾಣವೆಂದು ತಿಳಿಯುವುದು ನಮ್ಮೆಲ್ಲರ ದೌರ್ಬಲ್ಯ. ಒಬ್ಬ ಪಾರಾದನೆಂದರೆ ದಾರಿ ಭದ್ರವೆಂದಲ್ಲ. ದುರ್ಬಲವಾದ ಜಾಗ ಅವನ ಕಾಲಿಗೆ ಸಿಕ್ಕಲಿಲ್ಲವೆಂದಷ್ಟೇ ಅರ್ಥ. ತರ್ಕಶಾಸ್ತ್ರದ ಹೇತ್ವಾಭಾಸಗಳನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಪ್ರಾಣ ತೆಗೆಯಬಲ್ಲ ಹೇತ್ವಾಭಾಸವನ್ನು ಕಂಡದ್ದು ಅಂದೇ.

ಸ್ಕೀಯಿಂಗ್ ಮನೆಮನೆಯ ವಿದ್ಯೆಯಾಗಿರುವ ನಾರ್ವೆಯಲ್ಲಿ ಪರ್ವತಕ್ಕೆ ಹೋಗುವವರಿಗಾಗಿ ಒಂದು ನಿಯಮಾವಳಿಯಿದೆ. ೧೯೬೭ರ ಈಸ್ಟರ್ ರಜೆಯಲ್ಲಿ ಅಲ್ಲಿನ ಪರ್ವತಗಳಲ್ಲಿ ಹದಿನೆಂಟು ಜನ ಮೃತಪಟ್ಟ ಮೇಲೆ ಅದರ ಪ್ರಚಾರ ಹೆಚ್ಚಿತು. ಹೊತ್ತಿಗೆ ಮುಂಚೆ ಹಿಂದಿರುಗಬೇಕು, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬುದು ಅದರಲ್ಲಿ ಎಲ್ಲರ ಬಾಯಲ್ಲಿರುವ ನಿಯಮ. ಇದನ್ನು ಹೇಳಿದಾಗ ಅವಳು, “ನಾಚಿಕೆ ಇಲ್ಲ ಅಂತ ಹೇಳೋದು ಸುಲಭ” ಎಂದಳು. ನಾನು ವಾದಿಸಲಿಲ್ಲ. ರಜೆ ಹಾಕಿ, ಕೂಡಿಟ್ಟ ಹಣ ಸುರಿದು ಬಂದವಳ ದುಃಖಕ್ಕೆ ಉಪದೇಶ ಮದ್ದಲ್ಲ.

ನಾವು ಊರಿಗೆ ಮರಳಿದ ಬಳಿಕ ಗುಲ್ಮಾರ್ಗದಲ್ಲಿ ಮತ್ತೆ ಭಾರಿ ಹಿಮ ಬಿತ್ತು. ಫೆಬ್ರುವರಿ ೨೨ರಂದು ಅಫರ್ವತ್‌ನ ಇಳಿಜಾರಿನಲ್ಲಿ ಹಿಮ ಕುಸಿದು ವಿದೇಶೀ ಸ್ಕೀಯರುಗಳ ತಂಡವೊಂದು ಸಿಲುಕಿತು, ರಷ್ಯದವರೊಬ್ಬರು ಅಸುನೀಗಿದರು. ಹಿಂದಿನ ವರ್ಷ, ೨೦೨೩ರ ಫೆಬ್ರುವರಿ ೧ರಂದು, ಅದೇ ಪರ್ವತದಲ್ಲಿ ಪೋಲೆಂಡಿನ ಇಬ್ಬರು ತೀರಿಹೋಗಿದ್ದರು. ಸುದ್ದಿ ಓದಿದ ಸಂಜೆ ಅವಳು ದೂರವಾಣಿ ಮಾಡಿದಳು. ಆ ಅಪಘಾತದ ಬಗ್ಗೆ ಹೆಚ್ಚೇನೂ ಆಡಲಿಲ್ಲ. “ಆ ಚಾಚಾ ಅವರಿಗೆ ಫೋನ್ ಮಾಡಿದ್ದೆ ದೊಡ್ಡಪ್ಪಾ. ಮುಂದಿನ ವರ್ಷ ಗುಂಡಿ ತೋಡೋದು ಕಲಿಸ್ತೀನಿ ಅಂದ್ರು” ಎಂದಳು.

ಮಕ್ಕಳು ನಮಗೆ ತಿಳಿಯದ ದಾರಿಗಳಲ್ಲಿ ನಡೆಯುವ ಕಾಲವಿದು. ಹೋಗಬೇಡವೆಂದು ತಡೆಯುವುದು ಎಲ್ಲ ಸಲವೂ ಸಾಧ್ಯವಿಲ್ಲ, ಉಚಿತವೂ ಅಲ್ಲ. ಆದರೆ ಅರ್ಧದಾರಿಯಿಂದ ಹಿಂದಿರುಗಿ ಬಂದ ದಿನ ಮನೆಯಲ್ಲಿ ಅವರನ್ನು ಹೇಗೆ ಕಾಣುತ್ತೇವೆಂಬುದು ನಮ್ಮ ಕೈಯಲ್ಲಿದೆ. ತಿರುಗಿ ಬಂದವರಿಗೆ ಮಾತ್ರ ಮತ್ತೊಮ್ಮೆ ಹೋಗುವ ಭಾಗ್ಯವಿರುತ್ತದೆ.